ಹೊಸ ರಾಡ್ ಹಾಕಿದರೂ ಹೋಗದ ಸ್ಟಿಯರಿಂಗ್ ಪ್ಲೇ: ಹಳೆ ಫಿಯಟ್‌ನಲ್ಲಿ ದೋಷ ಹುಡುಕಿದ ಬಗೆ

ಗಾಡಿ 1968ರ ಫಿಯಟ್ 1100 ಡಿಲೈಟ್. ದೂರು ಇಷ್ಟೇ. ನೇರ ರಸ್ತೆಯಲ್ಲಿ ಸ್ಟಿಯರಿಂಗ್ ಎರಡು ಇಂಚು ಆಚೆ ಈಚೆ ಆಡುತ್ತದೆ, ಚಕ್ರ ಮಾತ್ರ ಅಲುಗುವುದಿಲ್ಲ. ಈ ಸಡಿಲವನ್ನೇ ಪ್ಲೇ ಅನ್ನುತ್ತಾರೆ. ಹಾಗಾಗಿ ಸ್ಟಿಯರಿಂಗನ್ನು ಚಕ್ರಕ್ಕೆ ಸೇರಿಸುವ ಆರೂ ಬಾಲ್ ಜಾಯಿಂಟ್, ನಡುವಿನ ರಾಡ್, ಐಡ್ಲರ್ ಆರ್ಮ್ ಎಲ್ಲವನ್ನೂ ಹೊಸದಾಗಿ ಹಾಕಿದೆವು. ಎರಡು ಭಾನುವಾರ ಹಿಡಿಯಿತು. ಮೂರನೇ ಭಾನುವಾರ ತೀರ್ಥಹಳ್ಳಿಯಿಂದ ಮಂಡಗದ್ದೆ ಕಡೆ ಹೋಗಿ ನೋಡಿದರೆ ಪ್ಲೇ ಇನ್ನೂ ಒಂದು ಇಂಚಿನಷ್ಟು ಉಳಿದಿತ್ತು. ಅದರ ಜೊತೆ ಹೊಸದೊಂದು ವಿಚಿತ್ರ. ಬಲ ತಿರುವಿನಲ್ಲಿ ಒಂದು ಜಾಗಕ್ಕೆ ಬಂದಾಗ ಸ್ಟಿಯರಿಂಗ್ ಗಟ್ಟಿಯಾಗಿ, ಚೊಕ್ಕವಾಗಿ ಹಿಡಿಯುತ್ತಿತ್ತು. ನೇರಕ್ಕೆ ಬಂದರೆ ಮತ್ತೆ ಸಡಿಲ.

ಆ ಬಲ ತಿರುವಿನಲ್ಲೇ ಉತ್ತರ ಇತ್ತು. ಅದು ಅರ್ಥವಾಗಲು ನಮಗೆ ಇನ್ನೂ ಎರಡು ವಾರ ಬೇಕಾಯಿತು. ಹೊಸ ಸಾಮಾನು ಕೊಳ್ಳುವ ಮೊದಲೇ ಈ ಕ್ರಮದಲ್ಲಿ ಹುಡುಕಿದ್ದರೆ ಒಂದೇ ದಿನದಲ್ಲಿ ಸಿಗುತ್ತಿತ್ತು. ಹಾಗಾಗಿ ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರಿಗೂ ಇದು ಹೊಂದುತ್ತದೆ, ಏಕೆಂದರೆ ಹೆಸರು ಬದಲಾದರೂ ಕೆಳಗಿನ ಜೋಡಣೆ ಅದೇ. ಅಂಬಾಸಡರ್‌ನವರಿಗೆ ಅಷ್ಟಾಗಿ ಹೊಂದುವುದಿಲ್ಲ. ಅದರದ್ದು ರ‍್ಯಾಕ್ ಅಂಡ್ ಪಿನಿಯನ್, ಲೆಕ್ಕವೇ ಬೇರೆ.

ಒಂದು ಇಂಚು ಅಂದರೆ ಎಷ್ಟು?

ಒಂದಿಂಚು ಪ್ಲೇ ಕೇಳಿದಾಗ ಯಾವುದೋ ಒಂದು ಜಾಯಿಂಟ್ ಪೂರ್ತಿ ಸವೆದಿದೆ ಅನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ. ಸ್ಟಿಯರಿಂಗ್ ಚಕ್ರದ ಅಡ್ಡಳತೆ 40 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಅಂಚಿನಲ್ಲಿ 25 ಮಿಲಿಮೀಟರ್ ಆಡಿದರೆ ಅದು ಸುಮಾರು 7 ಡಿಗ್ರಿ. ಸ್ಟಿಯರಿಂಗ್ ಬಾಕ್ಸ್ ಅದನ್ನು ಸುಮಾರು 16ರಲ್ಲಿ ಒಂದು ಪಾಲಿಗೆ ಇಳಿಸುತ್ತದೆ ಎಂದರೆ ಚಕ್ರದ ಹತ್ತಿರ ಅದು ಅರ್ಧ ಡಿಗ್ರಿಯೂ ಆಗುವುದಿಲ್ಲ. ಟೈರಿನ ಮುಂದಂಚಿನಲ್ಲಿ ಅಳೆದರೆ ಎರಡು ಮಿಲಿಮೀಟರ್ ಚಿಲ್ಲರೆ. ಆರು ಜಾಯಿಂಟ್, ಒಂದು ಐಡ್ಲರ್, ಒಂದು ಬಾಕ್ಸ್, ಎಲ್ಲವೂ ಕೂದಲೆಳೆಯಷ್ಟು ಸಡಿಲವಾದರೂ ಸಾಕು, ಕೈಗೆ ಒಂದಿಂಚು ಬರುತ್ತದೆ. ಅದಕ್ಕೇ ಕಣ್ಣಳತೆ ಇಲ್ಲಿ ನಡೆಯುವುದಿಲ್ಲ. ಪ್ರತಿ ಜಾಯಿಂಟನ್ನೂ ಬೆರಳಿಟ್ಟು ಕೇಳಬೇಕು.

ನಮ್ಮ ಕಡೆ ಇದು ಬರೀ ಕಿರಿಕಿರಿಯ ವಿಷಯವೂ ಅಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುವ ದಾರಿಯಲ್ಲಿ ಗಾಜನೂರು ದಾಟಿದ ಮೇಲೆ ಒಂದು ಕಡೆ ಕಾಡು, ಇನ್ನೊಂದು ಕಡೆ ತುಂಗೆ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಎದುರಿಗೆ ಬಸ್ಸು ಬಂದಾಗ ಅರ್ಧ ಅಡಿ ಜಾಗದಲ್ಲಿ ಗಾಡಿಯನ್ನು ಬದಿಗೆ ಹಿಡಿಯಬೇಕು. ಅಂಥಲ್ಲಿ ಕೈ ತಿರುಗಿಸಿದ್ದು ಚಕ್ರಕ್ಕೆ ತಲುಪಲೇಬೇಕು.

ದೂರನ್ನು ಮೊದಲು ಬಿಡಿಸಿ ನೋಡಿ

ಸ್ಟಿಯರಿಂಗ್ ಸರಿ ಇಲ್ಲ ಎಂಬ ಒಂದೇ ಮಾತಿನಲ್ಲಿ ನಾಲ್ಕೈದು ಬೇರೆ ಬೇರೆ ರೋಗ ಅಡಗಿರುತ್ತವೆ. ನಿಂತ ಗಾಡಿಯಲ್ಲೇ ಸಡಿಲ ಗೊತ್ತಾದರೆ ಅದು ಜಾಯಿಂಟ್, ಐಡ್ಲರ್ ಅಥವಾ ಬಾಕ್ಸ್. ಕೈಗೆ ಸಡಿಲವಿಲ್ಲ, ಆದರೆ ಗಾಡಿ ತಾನಾಗಿ ರಸ್ತೆಯಲ್ಲಿ ಅಲೆಯುತ್ತದೆ ಎಂದರೆ ಟೋ (ಎರಡು ಮುಂದಿನ ಚಕ್ರಗಳ ನಡುವೆ ಮುಂಬದಿ ಮತ್ತು ಹಿಂಬದಿಯ ಅಂತರದ ವ್ಯತ್ಯಾಸ) ತಪ್ಪಿದೆ, ಅಥವಾ ಟೈರ್ ಗಾಳಿ ಹೆಚ್ಚುಕಮ್ಮಿ. ಒಂದೇ ಕಡೆ ಎಳೆಯುತ್ತಿದ್ದರೆ ಮೊದಲು ಎರಡೂ ಮುಂದಿನ ಟೈರುಗಳ ಗಾಳಿ ನೋಡಿ, ಆಮೇಲೆ ಯಾವ ಬ್ರೇಕ್ ಹಿಡಿದುಕೊಂಡಿದೆ ಎಂದು ಹಬ್ ಮುಟ್ಟಿ ನೋಡಿ. ಬಿಸಿ ಇರುವ ಕಡೆಯೇ ಕಳ್ಳ. ತಿರುಗಿಸಿದ ಮೇಲೆ ಸ್ಟಿಯರಿಂಗ್ ತಾನಾಗಿ ವಾಪಸ್ ಬರದಿದ್ದರೆ ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲ ತಿರುಗಲು ಆಧಾರವಾದ ಗೂಟ) ಒಣಗಿದೆ, ಇಲ್ಲವೇ ಬಾಕ್ಸನ್ನು ಯಾರೋ ಅತಿಯಾಗಿ ಬಿಗಿ ಮಾಡಿದ್ದಾರೆ. ಒಂದು ವೇಗದಲ್ಲಿ ಮಾತ್ರ ಗಡಗಡ ನಡುಗಿದರೆ ಚಕ್ರದ ಬ್ಯಾಲೆನ್ಸ್ ಮತ್ತು ಕಿಂಗ್ ಪಿನ್ ಕಡೆ ಹೋಗಿ.

ಇದನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಕೆಲಸ ಶುರುವಾದ ಮೇಲೆ ಗಾಡಿ ಮೊದಲು ಹೇಗಿತ್ತು ಎಂಬುದು ಮರೆತುಹೋಗುತ್ತದೆ. ಸ್ಟಿಯರಿಂಗ್ ಅಂಚಿಗೆ ಒಂದು ತುಂಡು ಟೇಪ್ ಅಂಟಿಸಿ, ಅದರೆದುರು ಡ್ಯಾಶ್‌ಬೋರ್ಡ್ ಹತ್ತಿರ ಒಂದು ಸ್ಕೇಲ್ ಇಟ್ಟು, ಚಕ್ರ ಅಲುಗಲು ಶುರುವಾಗುವವರೆಗೆ ಎಷ್ಟು ಆಡುತ್ತದೆ ಎಂದು ಅಳೆದು ಬರೆಯಿರಿ. ನಾವು ಮೊದಲ ಸಲ ಇದನ್ನು ಮಾಡಿದ್ದೆವು. ಹಾಗಾಗಿ ಎರಡು ಇಂಚು ಇದ್ದದ್ದು ಒಂದು ಇಂಚಿಗೆ ಇಳಿಯಿತು ಎಂದು ಖಚಿತವಾಗಿ ಹೇಳಲು ಆಯಿತು. ಅಂದರೆ ಹೊಸ ಸಾಮಾನು ವ್ಯರ್ಥವಾಗಿರಲಿಲ್ಲ. ಉಳಿದ ಒಂದಿಂಚು ಬೇರೆ ಎಲ್ಲೋ ಇತ್ತು.

ಚಕ್ರ ಎತ್ತಿ ನೋಡುವುದು

ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ಹೋಗಲೇಬೇಡಿ. ಮಲೆನಾಡಿನ ಅಂಗಳ ಮಳೆಗಾಲದಲ್ಲಿ ಮೇಲೆ ಗಟ್ಟಿ ಕಂಡರೂ ಒಳಗೆ ಮೆತ್ತಗಿರುತ್ತದೆ. ಜಾಕ್ ಕೆಳಗೆ ದಪ್ಪ ಹಲಗೆ ಹಾಕಿದರೂ ಒಂದು ಪಕ್ಕಕ್ಕೆ ಕುಸಿಯುತ್ತದೆ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಇದ್ದರೆ ಅದೇ ಒಳ್ಳೆಯ ಜಾಗ.

ಚಕ್ರವನ್ನು ಮೇಲೆ ಕೆಳಗೆ, ಅಂದರೆ ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂದರೆ ಹಬ್ ಬೇರಿಂಗ್ ಅಥವಾ ಕಿಂಗ್ ಪಿನ್. ಎರಡರಲ್ಲಿ ಯಾವುದು ಎಂದು ತಿಳಿಯಲು ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಬ್ರೇಕ್ ಒತ್ತಿದಾಗ ಸಡಿಲ ಮಾಯವಾದರೆ ಬೇರಿಂಗ್. ಹಾಗೇ ಉಳಿದರೆ ಕಿಂಗ್ ಪಿನ್ ಅಥವಾ ಅದರ ಬುಶ್. ಆಮೇಲೆ ಚಕ್ರದ ಎಡಬಲ, 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಮೇಲೆ ಕೆಳಗೆ ಇಲ್ಲದ ಸಡಿಲ ಇಲ್ಲಿ ಮಾತ್ರ ಬಂದರೆ ಅದು ರಾಡುಗಳ ಕಡೆಯದ್ದು.

ಕಿಂಗ್ ಪಿನ್ ಸವೆದಿದ್ದರೆ ಅದನ್ನು ಮೊದಲು ಮಾಡಿಸಿ. ಸವೆದ ಕಿಂಗ್ ಪಿನ್ ಇಟ್ಟುಕೊಂಡು ಹೊಸ ಟೈ ರಾಡ್ (ಚಕ್ರಕ್ಕೆ ಹೋಗುವ ಪಕ್ಕದ ರಾಡ್) ಹಾಕುವುದು, ಟೋ ನೋಡುವುದು ಎಲ್ಲ ಸುಮ್ನೆ ಖರ್ಚು. ಚಕ್ರ ಎಲ್ಲಿ ನಿಲ್ಲುತ್ತದೆ ಎಂದೇ ಗೊತ್ತಿಲ್ಲದಾಗ ಅಳತೆ ಎಲ್ಲಿಂದ ಹಿಡಿಯುವುದು? ನಮ್ಮ ಗಾಡಿಯಲ್ಲಿ ಕಿಂಗ್ ಪಿನ್ ಸರಿ ಇತ್ತು. ಎಡಗಡೆ ಹಬ್ ಬೇರಿಂಗ್ ಒಂಚೂರು ಸಡಿಲ ಇತ್ತು, ಬಿಗಿ ಮಾಡಿದೆವು.

ಬೆರಳಿನ ಪರೀಕ್ಷೆ

ಜೋಡಣೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬಲಗಡೆ ಸ್ಟಿಯರಿಂಗ್ ಬಾಕ್ಸ್, ಅದರಿಂದ ಇಳಿದ ಡ್ರಾಪ್ ಆರ್ಮ್. ಎಡಗಡೆ ಅದೇ ಥರದ ಐಡ್ಲರ್ ಆರ್ಮ್. ಎರಡನ್ನೂ ಸೇರಿಸುವ ನಡುವಿನ ರಾಡ್. ಎರಡೂ ತುದಿಯಿಂದ ಒಂದೊಂದು ಪಕ್ಕದ ರಾಡ್ ಚಕ್ರಕ್ಕೆ ಹೋಗುತ್ತದೆ. ಪಕ್ಕದ ರಾಡುಗಳಲ್ಲಿ ಉದ್ದ ಹೆಚ್ಚುಕಮ್ಮಿ ಮಾಡುವ ತೋಳು ಇದೆ. ಅದರ ಒಂದು ತುದಿಗೆ ಬಲ ಮರೆ (ಸ್ಕ್ರೂ ಗೆರೆ), ಇನ್ನೊಂದಕ್ಕೆ ಎಡ ಮರೆ.

ಈಗ ಚಕ್ರ ನೆಲದ ಮೇಲೆ ಭಾರ ಹೊತ್ತು ನಿಂತಿರಬೇಕು. ಗಾಡಿ ಎತ್ತಿ ಈ ಪರೀಕ್ಷೆ ಮಾಡಿದರೆ ಚಕ್ರ ಸುಲಭವಾಗಿ ತಿರುಗಿ ಸಡಿಲವನ್ನು ಮುಚ್ಚಿಬಿಡುತ್ತದೆ. ಒಬ್ಬರು ಒಳಗೆ ಕೂತು ಸ್ಟಿಯರಿಂಗನ್ನು ಮೆಲ್ಲಗೆ, ಸಡಿಲ ಇರುವಷ್ಟೇ, ಆಚೆ ಈಚೆ ಆಡಿಸುತ್ತಿರಬೇಕು. ನಮ್ಮಲ್ಲಿ ಆ ಕೆಲಸ ನನ್ನ ಚಿಕ್ಕಪ್ಪನ ಮಗನದ್ದು. ಇನ್ನೊಬ್ಬರು ಕೆಳಗೆ ಮಲಗಿ ಪ್ರತಿ ಜಾಯಿಂಟಿನ ಮೇಲೆ ಬೆರಳನ್ನು ಅಡ್ಡ ಇಡಬೇಕು. ಬೆರಳಿನ ಅರ್ಧ ರಾಡಿನ ಮೇಲೆ, ಅರ್ಧ ಆರ್ಮ್ ಮೇಲೆ. ಎರಡೂ ಒಟ್ಟಿಗೆ ಹೋದರೆ ಜಾಯಿಂಟ್ ಒಳ್ಳೆಯದು. ಒಂದು ಮೊದಲು, ಒಂದು ಆಮೇಲೆ ಹೋದರೆ ಅಲ್ಲೇ ಸಡಿಲ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ.

ಐಡ್ಲರ್ ಆರ್ಮನ್ನು ಬೇರೆಯಾಗಿ ನೋಡಿ. ಅದು ಎಡಬಲ ತಿರುಗಬೇಕು, ಮೇಲೆ ಕೆಳಗೆ ಕುಣಿಯಬಾರದು. ನಡುವಿನ ರಾಡನ್ನು ಅದರ ಹತ್ತಿರ ಹಿಡಿದು ಮೇಲೆ ಕೆಳಗೆ ಎಳೆದರೆ ಗೊತ್ತಾಗುತ್ತದೆ. ಎಷ್ಟೋ ಗಾಡಿಗಳಲ್ಲಿ ಎಲ್ಲ ಟೈ ರಾಡ್ ಎಂಡ್ (ರಾಡಿನ ತುದಿಯ ಬಾಲ್ ಜಾಯಿಂಟ್) ಬದಲಾಗಿರುತ್ತದೆ, ಐಡ್ಲರ್ ಮಾತ್ರ ಹುಟ್ಟಿದಾಗಿನದ್ದೇ ಇರುತ್ತದೆ.

ಬಾಕ್ಸ್ ಕಡೆ ಮೂರು ಜಾಗ ನೋಡಬೇಕು. ಬಾಕ್ಸೇ ಚಾಸಿಸ್ ಮೇಲೆ ಅಲುಗುತ್ತಿದೆಯೇ? ಬೋಲ್ಟ್ ಸಡಿಲವಾಗಿದ್ದರೆ, ಅಥವಾ ಆ ಜಾಗದ ತಗಡು ತುಕ್ಕು ಹಿಡಿದು ಬಿರುಕು ಬಿಟ್ಟಿದ್ದರೆ ಬಾಕ್ಸ್ ಪೂರ್ತಿ ನಡೆಯುತ್ತದೆ. ನಮ್ಮ ಮಳೆಗೆ ಇದು ಅಪರೂಪವಲ್ಲ. ಎರಡನೆಯದು, ಡ್ರಾಪ್ ಆರ್ಮ್ ತನ್ನ ಶಾಫ್ಟ್ ಮೇಲೆ ಗಟ್ಟಿ ಇದೆಯೇ? ಮೂರನೆಯದು, ಸ್ಟಿಯರಿಂಗ್ ಶಾಫ್ಟ್ ತಿರುಗಿದ ತಕ್ಷಣ ಡ್ರಾಪ್ ಆರ್ಮ್ ತಿರುಗುತ್ತದೆಯೇ? ಶಾಫ್ಟ್ ತಿರುಗಿ ಆರ್ಮ್ ಸುಮ್ಮನೆ ನಿಂತರೆ ಸಡಿಲ ಬಾಕ್ಸ್ ಒಳಗೆ.

ನಮ್ಮಲ್ಲಿ ಎಲ್ಲ ಜಾಯಿಂಟ್ ಹೊಸತು, ಬೆರಳಿಗೆ ಏನೂ ಸಿಗಲಿಲ್ಲ. ಬಾಕ್ಸ್ ಬೋಲ್ಟ್ ಬಿಗಿ. ಡ್ರಾಪ್ ಆರ್ಮ್ ಬಿಗಿ. ಆದರೆ ಶಾಫ್ಟ್ ತಿರುಗಿ ಆರ್ಮ್ ನಿಲ್ಲುತ್ತಿತ್ತು. ಒಂದಿಂಚು ಪೂರ್ತಿ ಅಲ್ಲೇ ಇತ್ತು.

ಆ ಸ್ಕ್ರೂಗೆ ಕೈ ಹಾಕುವ ಮೊದಲು

ಇಲ್ಲಿ ಎಲ್ಲರ ಕೈಯೂ ಬಾಕ್ಸ್ ಮೇಲಿನ ಅಡ್ಜಸ್ಟ್ ಸ್ಕ್ರೂ ಕಡೆ ಹೋಗುತ್ತದೆ. ಲಾಕ್ ನಟ್ ಬಿಚ್ಚಿ, ಕಾಲು ಸುತ್ತು ಬಿಗಿ ಮಾಡಿದರೆ ಪ್ಲೇ ಹೋಗುತ್ತದೆ. ನಾವೂ ಸ್ಪ್ಯಾನರ್ ಹಿಡಿದಾಗಿತ್ತು. ಅಷ್ಟರಲ್ಲಿ ತೀರ್ಥಹಳ್ಳಿಯಿಂದ ಬಂದಿದ್ದ ಹಳೆ ಮೇಸ್ತ್ರಿಯೊಬ್ಬರು ತಡೆದರು. ಅಪ್ಪನ ಕಾಲದಿಂದ ಈ ಗಾಡಿ ನೋಡಿದವರು ಅವರು. ಬಲ ತಿರುವಿನ ಸಂಗತಿ ಹೇಳಿದ ಕೂಡಲೇ ಕೇಳಿದರು: “ಬಾಕ್ಸಿನ ನಡು ಎಲ್ಲಿದೆ ಅಂತ ನೋಡಿದ್ರಾ ಮಾರಾಯ್ರೆ?”

ನೋಡಿರಲಿಲ್ಲ. ಅದರ ಅರ್ಥ ಇಷ್ಟು.

ಈ ಗಾಡಿಯ ಬಾಕ್ಸ್ ವರ್ಮ್ ಅಂಡ್ ರೋಲರ್ ಬಗೆಯದ್ದು. ವರ್ಮ್ ಅಂದರೆ ಸ್ಕ್ರೂ ಥರ ಗೆರೆ ಇರುವ ಗೇರ್. ಅದು ನಡುವಿನಲ್ಲಿ ಸಣ್ಣ, ಎರಡು ತುದಿಯಲ್ಲಿ ದಪ್ಪ, ಡಮರುವಿನ ಹಾಗೆ. ಅದರ ಗೆರೆಯಲ್ಲಿ ಒಂದು ರೋಲರ್ ಓಡುತ್ತದೆ. ರೋಲರ್ ವರ್ಮ್‌ನ ಸರಿ ನಡುವಿನಲ್ಲಿ ಇರುವಾಗ ಎರಡರ ನಡುವೆ ಸಂದು ಅತಿ ಕಡಿಮೆ ಇರುವಂತೆ ಮಾಡಿರುತ್ತಾರೆ. ಎಡಕ್ಕೋ ಬಲಕ್ಕೋ ಹೋದಂತೆ ಸಂದು ಜಾಸ್ತಿಯಾಗುತ್ತದೆ. ಇದು ದೋಷವಲ್ಲ, ಬೇಕೆಂದೇ ಮಾಡಿದ್ದು. ಗಾಡಿ ಹೆಚ್ಚು ಹೊತ್ತು ನೇರ ಹೋಗುತ್ತದೆ, ಹಾಗಾಗಿ ಸವೆತ ನಡುವಿನಲ್ಲೇ ಜಾಸ್ತಿ. ಮುಂದೆ ನಡುವನ್ನು ಬಿಗಿ ಮಾಡಿದಾಗ ಪಕ್ಕಗಳು ಕಚ್ಚಿಕೊಳ್ಳಬಾರದು ಎಂದು ಆ ಹೆಚ್ಚಿನ ಸಂದು.

ಈಗ ಯೋಚಿಸಿ. ಗಾಡಿ ನೇರ ಹೋಗುವಾಗ ರೋಲರ್ ನಡುವಿನಲ್ಲಿ ಇಲ್ಲದೆ ಒಂದು ಪಕ್ಕಕ್ಕೆ ಕೂತಿದ್ದರೆ? ನೇರದಲ್ಲಿ ಸಡಿಲ ಇರುತ್ತದೆ. ಒಂದು ಕಡೆ ತಿರುಗಿಸುವಾಗ ರೋಲರ್ ನಿಜವಾದ ನಡುವನ್ನು ದಾಟುತ್ತದೆ, ಆಗ ಗಟ್ಟಿ ಹಿಡಿಯುತ್ತದೆ. ನಮ್ಮ ಬಲ ತಿರುವು ಹೇಳುತ್ತಿದ್ದದ್ದು ಇದನ್ನೇ. ವರ್ಷಗಟ್ಟಲೆ ಅದೇ ತಪ್ಪು ಜಾಗದಲ್ಲಿ ಓಡಿ ಅಲ್ಲಿ ಸವೆತವೂ ಸೇರಿರುತ್ತದೆ.

ಇಂಥ ಬಾಕ್ಸಿನಲ್ಲಿ ಸ್ಕ್ರೂ ಬಿಗಿ ಮಾಡಿದರೆ ನೇರದಲ್ಲಿ ಪ್ಲೇ ಹೋಗುತ್ತದೆ, ನಿಜ. ಆದರೆ ಬಲ ತಿರುವಿನಲ್ಲಿ ರೋಲರ್ ನಡುವಿಗೆ ಬಂದಾಗ ಕಚ್ಚಿಕೊಳ್ಳುತ್ತದೆ. ಘಾಟಿಯ ತಿರುವಿನಲ್ಲಿ ಸ್ಟಿಯರಿಂಗ್ ವಾಪಸ್ ಬರದೆ ಅಲ್ಲೇ ನಿಂತರೆ ಏನಾಗಬಹುದು! ವರ್ಮ್ ಮೇಲೆ ಗಾಯವೂ ಆಗುತ್ತದೆ. ಆ ವರ್ಮ್ ಇನ್ನೊಂದು ಸಿಗುವುದು ಸುಲಭವಿಲ್ಲ.

ನಡು ಹುಡುಕುವುದು

ರಾಡುಗಳನ್ನು ಡ್ರಾಪ್ ಆರ್ಮ್‌ನಿಂದ ಬಿಡಿಸಿ. ಈಗ ಬಾಕ್ಸ್ ಒಂಟಿ. ಬಿಡಿಸುವ ಮೊದಲು ಚಕ್ರಗಳು ನೇರ ಇದ್ದಾಗ ಸ್ಟಿಯರಿಂಗ್ ಅಂಚಿನ ತುದಿಯಲ್ಲಿ ಟೇಪ್ ಅಂಟಿಸಿ ಗುರುತು ಮಾಡಿರಬೇಕು. ಅಲ್ಲಿಂದ ಎಡಕ್ಕೆ ನಿಧಾನವಾಗಿ, ನಿಲ್ಲುವವರೆಗೆ ತಿರುಗಿಸಿ ಸುತ್ತು ಎಣಿಸಿ. ವಾಪಸ್ ಬಂದು ಬಲಕ್ಕೆ ಎಣಿಸಿ. ಕೊನೆಗೆ ಜೋರಾಗಿ ಬಡಿಯಬೇಡಿ. ರಾಡ್ ಇಲ್ಲದಾಗ ತಡೆಯುವುದು ಬಾಕ್ಸ್ ಒಳಗಿನ ಭಾಗಗಳೇ.

ರಾಡ್ ಜೋಡಿಸಿದ್ದಾಗಲೇ ಯಾಕೆ ಎಣಿಸಬಾರದು ಎಂದು ಕೇಳಬಹುದು. ಆಗ ಚಕ್ರದ ಕಡೆ ಇರುವ ಸ್ಟಾಪರ್ ಮೊದಲು ತಡೆಯುತ್ತದೆ. ಎರಡೂ ಕಡೆ ಸಮ ಬಂದು, ಬಾಕ್ಸ್ ಸರಿ ಇದೆ ಎಂದು ನಂಬಿಸಿಬಿಡುತ್ತದೆ. ನಾವು ಹಾಗೇ ಮೊದಲು ಮೋಸಹೋದೆವು.

ಬಾಕ್ಸ್ ಒಂಟಿಯಾಗಿ ಎಣಿಸಿದಾಗ ಬಲಕ್ಕೆ ಎಡಕ್ಕಿಂತ ಕಾಲು ಸುತ್ತು ಜಾಸ್ತಿ ಬಂತು. ಅಂದರೆ ನಿಜವಾದ ನಡು ನಮ್ಮ ಗುರುತಿನಿಂದ ಬಲಕ್ಕೆ ಅರೆಕಾಲು ಸುತ್ತು. ಅಲ್ಲಿಗೆ ತಂದು ಎರಡು ಬೆರಳಿನಲ್ಲಿ ಆಡಿಸಿದರೆ ಪ್ಲೇ ಇಲ್ಲವೇ ಇಲ್ಲ ಎನ್ನುವಷ್ಟು. ಅಷ್ಟು ವರ್ಷ ಬೈದ ಬಾಕ್ಸ್ ಚೆನ್ನಾಗಿಯೇ ಇತ್ತು. ಆ ಕ್ಷಣ ನನಗಾದ ಸಂತೋಷ ಹೇಳಲಾರೆ.

ಹಾಗಾದರೆ ನಡು ತಪ್ಪಿದ್ದು ಹೇಗೆ? ಎರಡು ಪಕ್ಕದ ರಾಡುಗಳ ಉದ್ದ ಅಳೆದೆವು. ಒಂದಕ್ಕಿಂತ ಒಂದು ಸುಮಾರು 14 ಮಿಲಿಮೀಟರ್ ಉದ್ದ. ಈ ಗಾಡಿಯಲ್ಲಿ ಎರಡೂ ಸಮ ಇರಬೇಕು. ಯಾವುದೋ ಕಾಲದಲ್ಲಿ ಟೋ ಸರಿ ಮಾಡುವಾಗ ಎರಡೂ ತೋಳನ್ನು ಸಮವಾಗಿ ತಿರುಗಿಸದೆ ಒಂದನ್ನೇ ತಿರುಗಿಸಿದ್ದಾರೆ. ಆಗ ಗಾಡಿ ನೇರ ಹೋಗುವಾಗ ಸ್ಟಿಯರಿಂಗಿನ ಕಡ್ಡಿ ಸೊಟ್ಟ ನಿಂತಿರಬೇಕು. ಅದನ್ನು ನೆಟ್ಟಗೆ ಮಾಡಲು ಸ್ಟಿಯರಿಂಗ್ ಚಕ್ರವನ್ನೇ ಕಿತ್ತು, ಬೇರೆ ಹಲ್ಲಿಗೆ ಕೂರಿಸಿದ್ದಾರೆ. ಕಣ್ಣಿಗೆ ಎಲ್ಲ ನೇರ. ಒಳಗೆ ರೋಲರ್ ಮಾತ್ರ ಪಕ್ಕಕ್ಕೆ.

ಇನ್ನು ನಾವು ಮಾಡಿದ್ದೇನು? ಹೊಸ ಟೈ ರಾಡ್ ಎಂಡ್ ಹಾಕುವಾಗ ಎಲ್ಲರೂ ಹೇಳುವಂತೆ ಹಳೆಯ ರಾಡಿನ ಮರೆ ಎಣಿಸಿ, ಉದ್ದ ಅಳೆದು, ಹೊಸದನ್ನು ಅಷ್ಟಕ್ಕೇ ಹೊಂದಿಸಿದೆವು. ಬಹಳ ಶ್ರದ್ಧೆಯಿಂದ ಮಾಡಿದ ಕೆಲಸ ಅದು. ಹಳೆಯ ತಪ್ಪು ಹೊಸ ರಾಡಿಗೆ ಹಾಗೇ ಇಳಿಯಿತು. ಹಳೆಯ ಉದ್ದವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದೇ. ಆದರೆ ಎಡಬಲ ಹೋಲಿಸದೆ ಅದನ್ನು ನಕಲು ಮಾಡಬೇಡಿ.

ಬಾಕ್ಸಿನಿಂದ ಹೊರಗೆ ಜೋಡಿಸುತ್ತಾ ಹೋಗುವುದು

ಕ್ರಮ ಇದು. ಬಾಕ್ಸ್ ನಡುವಿನಲ್ಲಿ ನಿಲ್ಲಿಸಿ, ಸ್ಟಿಯರಿಂಗ್ ಅಲುಗದಂತೆ ಹಗ್ಗದಿಂದ ಕಟ್ಟಿ. ಡ್ರಾಪ್ ಆರ್ಮ್ ಮತ್ತು ಐಡ್ಲರ್ ಆರ್ಮ್ ಸಮಾನಾಂತರ ಇರಲಿ. ನಡುವಿನ ರಾಡ್ ಹಾಕಿ. ಆಮೇಲೆ ಎರಡು ಪಕ್ಕದ ರಾಡುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಬಾಲ್ ನಡುವಿನಿಂದ ಬಾಲ್ ನಡುವಿಗೆ ಸಮ ಉದ್ದಕ್ಕೆ ತಂದು ಹಾಕಿ. ತೋಳಿನ ಎರಡೂ ತುದಿಯಲ್ಲಿ ಮರೆ ಸಮವಾಗಿ ಒಳಗೆ ಹೋಗಿರಬೇಕು. ಒಂದು ಕಡೆ ಎರಡು ಮೂರು ಸುತ್ತಿನಲ್ಲಿ ಮಾತ್ರ ಹಿಡಿದುಕೊಂಡಿದ್ದರೆ ಅದು ಅಪಾಯ.

ಐಡ್ಲರ್ ಬಗ್ಗೆ ಒಂದು ಎಚ್ಚರಿಕೆ. ಅದರಲ್ಲಿ ರಬ್ಬರ್ ಬುಶ್ ಇದ್ದರೆ ಚಕ್ರಗಳು ನೇರ ಇರುವಾಗಲೇ ಅದರ ನಟ್ ಕೊನೆಯದಾಗಿ ಬಿಗಿ ಮಾಡಬೇಕು. ಚಕ್ರ ಎಡಕ್ಕೆ ತಿರುಗಿದ್ದಾಗ ಬಿಗಿ ಮಾಡಿದರೆ ರಬ್ಬರ್ ಅಲ್ಲೇ ಹಿಡಿದುಕೊಂಡು, ನೇರಕ್ಕೆ ತಂದಾಗ ತಿರುಚಿಕೊಂಡು, ಗಾಡಿಯನ್ನು ಸದಾ ಎಡಕ್ಕೆ ಎಳೆಯುತ್ತದೆ. ಹೊಸ ಸಾಮಾನು ಹಾಕಿದ ಮೇಲೆ ಗಾಡಿ ಒಂದು ಕಡೆ ಎಳೆಯಲು ಶುರುವಾದರೆ ಇದನ್ನೇ ಮೊದಲು ಅನುಮಾನಿಸಿ. ಮುಂಭಾಗ ಎತ್ತಿ ಸ್ಟಿಯರಿಂಗ್ ಬಿಟ್ಟರೆ ಅದು ತಾನಾಗಿ ಒಂದು ಕಡೆ ಹೋಗುತ್ತದೆ. ನಟ್ ಸಡಿಲಿಸಿ, ನೇರ ಮಾಡಿ, ಮತ್ತೆ ಬಿಗಿ ಮಾಡಿ. ಅಷ್ಟೇ ಕೆಲಸ.

ಬಾಲ್ ಜಾಯಿಂಟಿನ ಕಡ್ಡಿ ಕೂರುವ ಜಾಗ ಶಂಕುವಿನ ಹಾಗೆ ಓರೆ, ಗ್ಯಾರೇಜಿನಲ್ಲಿ ಟೇಪರ್ ಅನ್ನುತ್ತಾರೆ. ಸ್ಟಿಯರಿಂಗಿನ ಗಟ್ಟಿತನವೆಲ್ಲ ಆ ಟೇಪರ್ ಕೂರುವುದರಲ್ಲಿದೆ. ಎರಡೂ ಕಡೆ ಬಟ್ಟೆಯಿಂದ ಒರೆಸಿ, ಎಣ್ಣೆ, ಗ್ರೀಸ್, ಬಣ್ಣ ಏನೂ ಇಲ್ಲದಂತೆ ಒಣಗಿಸಿ. ಹೊಸ ಕಡ್ಡಿಗೆ ಸೀಮೆಸುಣ್ಣ ಹಚ್ಚಿ ರಂಧ್ರದಲ್ಲಿ ಕೂರಿಸಿ ತಿರುಗಿಸಿ ತೆಗೆಯಿರಿ. ಸುಣ್ಣ ಉದ್ದಕ್ಕೂ ಸಮವಾಗಿ ಉಜ್ಜಿ ಹೋಗಿದ್ದರೆ ಟೇಪರ್ ಹೊಂದುತ್ತದೆ. ಬರೀ ಮೇಲೆ ಅಥವಾ ಬರೀ ಕೆಳಗೆ ಒಂದು ಉಂಗುರದಷ್ಟು ಮಾತ್ರ ಉಜ್ಜಿದ್ದರೆ ಆ ಸಾಮಾನು ನಿಮ್ಮ ಗಾಡಿಯದ್ದಲ್ಲ, ಅಥವಾ ಆರ್ಮಿನ ರಂಧ್ರ ಮೊಟ್ಟೆಯಾಕಾರಕ್ಕೆ ಸವೆದಿದೆ. ಪೆಟ್ಟಿಗೆಯ ಮೇಲೆ ಗಾಡಿಯ ಹೆಸರು ಇದ್ದ ಮಾತ್ರಕ್ಕೆ ನಂಬಬೇಡಿ. ನಮಗೆ ಬಂದ ಆರರಲ್ಲಿ ಒಂದು ಹೊಂದಲಿಲ್ಲ. ಶಿವಮೊಗ್ಗಕ್ಕೆ ಹೋಗಿ ಬದಲಿಸಿಕೊಂಡು ಬಂದೆವು.

ನಟ್ ಪೂರ್ತಿ ಬಿಗಿಯಾದರೂ ಕಡ್ಡಿ ಆಳಕ್ಕೆ ಇಳಿದು, ನಟ್ ಮರೆಯ ಕೊನೆಗೆ ಹೋಗಿ ನಿಲ್ಲುತ್ತಿದ್ದರೆ ಅದೂ ಸವೆದ ರಂಧ್ರದ ಲಕ್ಷಣ. ವಾಷರ್ ಕೊಟ್ಟು ಮುಚ್ಚಬೇಡಿ. ಆರ್ಮ್ ಬದಲಿಸಿ. ಸ್ಟಿಯರಿಂಗಿನ ಯಾವ ಭಾಗಕ್ಕೂ ವೆಲ್ಡಿಂಗ್ ಬೇಡ, ಬೆಂಕಿಯಲ್ಲಿ ಕಾಯಿಸಿ ಬಗ್ಗಿಸುವುದೂ ಬೇಡ. ಲೇತ್‌ನವರು ಎಷ್ಟೇ ನಿಪುಣರಾದರೂ ಸರಿ. ಈ ಮಾತನ್ನು ನಾನು ಕೈಮುಗಿದು ಹೇಳುತ್ತೇನೆ.

ನಟ್ ತಿರುಗಿಸುವಾಗ ಕಡ್ಡಿಯೂ ಜೊತೆಗೆ ತಿರುಗಿದರೆ ಕೆಳಗಿನಿಂದ ಜಾಕ್ ಕೊಟ್ಟು ಮೆಲ್ಲಗೆ ಒತ್ತಿ ಹಿಡಿಯಿರಿ, ಟೇಪರ್ ಹಿಡಿದುಕೊಳ್ಳುತ್ತದೆ. ಸ್ಪ್ಲಿಟ್ ಪಿನ್ ರಂಧ್ರ ಕೂಡದಿದ್ದರೆ ನಟ್ ಇನ್ನಷ್ಟು ಬಿಗಿ ಮಾಡಿ ಕೂಡಿಸಬೇಕು, ಸಡಿಲಿಸಿ ಅಲ್ಲ. ಪಿನ್ ಪ್ರತಿ ಸಲ ಹೊಸತೇ ಹಾಕಿ. ಹಳೆ ಜಾಯಿಂಟ್ ಬಿಡಿಸಲು ಮರೆಯ ಮೇಲೆ ಹೊಡೆಯಬೇಡಿ. ಆರ್ಮಿನ ಕಣ್ಣಿನ ಒಂದು ಪಕ್ಕಕ್ಕೆ ಭಾರದ ಸುತ್ತಿಗೆ ಆನಿಸಿ ಹಿಡಿದು, ಇನ್ನೊಂದು ಪಕ್ಕದಿಂದ ಇನ್ನೊಂದು ಸುತ್ತಿಗೆಯಲ್ಲಿ ಚುರುಕಾಗಿ ಎರಡು ಪೆಟ್ಟು ಕೊಟ್ಟರೆ ಟೇಪರ್ ಬಿಡುತ್ತದೆ. ಪುಲ್ಲರ್ ಇದ್ದರೆ ಇನ್ನೂ ಒಳ್ಳೆಯದು.

ಟೋ ನೋಡಲು ಅಡಿಕೆ ದಬ್ಬೆ

ವೀಲ್ ಅಲೈನ್‌ಮೆಂಟ್ ಮಷಿನ್ ಇರುವ ಕಡೆಗೆ ಒಯ್ಯುವ ಮೊದಲು ಮನೆಯಲ್ಲೇ ಹತ್ತಿರಕ್ಕೆ ತರಬಹುದು. ಮುಂದಿನ ಚಕ್ರ ಎತ್ತಿ ತಿರುಗಿಸುತ್ತಾ, ಟೈರಿನ ನಡುವೆ ಸೀಮೆಸುಣ್ಣ ಬಳಿದು, ಒಂದು ಮೊಳೆಯನ್ನು ಅಲುಗದಂತೆ ಹಿಡಿದು ತೆಳ್ಳನೆ ಗೆರೆ ಎಳೆಯಿರಿ. ಗಾಡಿ ಇಳಿಸಿ, ನಾಲ್ಕು ಅಡಿ ಹಿಂದೆ ಮುಂದೆ ತಳ್ಳಿ ಸ್ಪ್ರಿಂಗ್ ಕೂರಲು ಬಿಡಿ. ನೇರವಾದ ಒಂದು ಒಣ ಅಡಿಕೆ ದಬ್ಬೆಗೆ ಎರಡು ಮೊಳೆ ಹೊಡೆದು, ಟೈರುಗಳ ಹಿಂಬದಿಯ ಗೆರೆಗಳಿಗೆ ಹಬ್ಬಿನ ಎತ್ತರದಲ್ಲಿ ಹೊಂದಿಸಿ. ಅದೇ ದಬ್ಬೆಯನ್ನು ಮುಂಬದಿಗೆ ತಂದು ಅದೇ ಎತ್ತರದಲ್ಲಿ ಹಿಡಿದರೆ ಎಷ್ಟು ವ್ಯತ್ಯಾಸ ಎಂದು ತಿಳಿಯುತ್ತದೆ. ಮುಂಬದಿ ಸ್ವಲ್ಪ ಕಿರಿದಾಗಿರಬೇಕು, ಗಾಡಿಯ ಕೈಪಿಡಿ ಹೇಳುವಷ್ಟು. ಮುಂಬದಿ ಅಗಲವಾಗಿದ್ದರೆ ಗಾಡಿ ರಸ್ತೆಯಲ್ಲಿ ಅಲೆಯುತ್ತದೆ.

ತಿದ್ದುವಾಗ ಎರಡೂ ತೋಳನ್ನು ಸಮವಾಗಿ ತಿರುಗಿಸಿ. ಬಲಕ್ಕೆ ಅರ್ಧ ಸುತ್ತು ಕೊಟ್ಟರೆ ಎಡಕ್ಕೂ ಅರ್ಧ. ಮಷಿನ್ ಇರುವ ಕಡೆಗೂ ಇದನ್ನೇ ಹೇಳಿ, ಎದುರು ನಿಂತು ನೋಡಿ. ನಮ್ಮ ಗಾಡಿಗೆ ರೋಗ ಬಂದದ್ದು ಇಲ್ಲೇ. ಕ್ಲಾಂಪ್ ಬಿಗಿ ಮಾಡುವ ಮೊದಲು ರಾಡಿನ ಎರಡೂ ತುದಿಯ ಬಾಲ್ ಜಾಯಿಂಟ್ ಒಂದೇ ಸಮಕ್ಕೆ ನಿಂತಿವೆಯೇ ನೋಡಿ. ಒಂದು ಮುಂದಕ್ಕೆ, ಒಂದು ಹಿಂದಕ್ಕೆ ವಾಲಿದ್ದರೆ ತಿರುವಿನಲ್ಲಿ ಕಚ್ಚುತ್ತದೆ. ಕೊನೆಗೆ ಸ್ಟಿಯರಿಂಗನ್ನು ಎರಡೂ ತುದಿಗೆ ತಿರುಗಿಸಿ, ಕ್ಲಾಂಪ್ ಬೋಲ್ಟ್ ಎಲ್ಲೂ ತಾಗುತ್ತಿಲ್ಲ, ಬ್ರೇಕ್ ಹೋಸ್ ಎಳೆಯುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಿ.

ಈ ಎಲ್ಲ ಆದ ಮೇಲೆ ಸ್ಟಿಯರಿಂಗ್ ಚಕ್ರದ ಕಡ್ಡಿ ಸೊಟ್ಟ ನಿಂತಿತ್ತು, ಅರೆಕಾಲು ಸುತ್ತಿನಷ್ಟೇ. ಅದನ್ನು ಕಿತ್ತು ನೆಟ್ಟಗೆ ಕೂರಿಸಿದೆವು. ಈಗ ಮಾತ್ರ ಅದು ನ್ಯಾಯ. ಅಳೆದರೆ ಪ್ಲೇ ಅರ್ಧ ಇಂಚಿಗಿಂತ ಕಡಿಮೆ. ಬಾಕ್ಸ್ ಸ್ಕ್ರೂ ಮುಟ್ಟಲೇ ಇಲ್ಲ.

ಮುಟ್ಟಲೇಬೇಕಾದ ಗಾಡಿಯೂ ಇರುತ್ತದೆ. ಆಗ ಬಾಕ್ಸ್ ನಡುವಿನಲ್ಲಿ ಇಟ್ಟು, ರಾಡ್ ಬಿಡಿಸಿ, ಒಂದು ಸಲಕ್ಕೆ ಚೂರೇ ಚೂರು ತಿರುಗಿಸಿ. ನಡು ದಾಟುವಾಗ ಕೈಗೆ ಸಣ್ಣ ಹಿಡಿತ ಗೊತ್ತಾದರೆ ಸಾಕು. ಸ್ಟಿಯರಿಂಗನ್ನು ಮೇಲೆ ಕೆಳಗೆ ಎಳೆದಾಗ ಶಾಫ್ಟ್ ಕುಣಿದರೆ ಅದು ವರ್ಮ್ ಬೇರಿಂಗ್ ಸಡಿಲ. ಅದನ್ನು ಈ ಸ್ಕ್ರೂ ಸರಿ ಮಾಡುವುದಿಲ್ಲ, ಶಿಮ್ ಎಂಬ ತೆಳು ತಗಡು ತೆಗೆದು ಸರಿ ಮಾಡಬೇಕು.

ರಸ್ತೆಗೆ ಇಳಿದ ಮೇಲೆ

ಮೊದಲು ಅಂಗಳದಲ್ಲಿ, ಆಮೇಲೆ ಮನೆ ಮುಂದಿನ ಮಣ್ಣು ದಾರಿಯಲ್ಲಿ, ಆಮೇಲೆ ಡಾಂಬರು ರಸ್ತೆಯಲ್ಲಿ ನಿಧಾನವಾಗಿ. ಘಾಟಿಗೆ ತಕ್ಷಣ ಹೋಗಬೇಡಿ. ತಿರುವು ಮುಗಿದಾಗ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರಬೇಕು. ಬರದಿದ್ದರೆ ಮುಂಭಾಗ ಎತ್ತಿ ಕಿಂಗ್ ಪಿನ್‌ಗೆ ಗ್ರೀಸ್ ಹೊಡೆಯಿರಿ. ಭಾರ ಇಳಿದಾಗ ಮಾತ್ರ ಗ್ರೀಸ್ ಸರಿಯಾದ ಜಾಗಕ್ಕೆ ಹೋಗುತ್ತದೆ. ಕಿಂಗ್ ಪಿನ್ ಸಂದಿನಿಂದ ಹೊಸ ಗ್ರೀಸ್ ಹೊರಗೆ ಇಣುಕುವವರೆಗೂ ಹೊಡೆಯಬೇಕು. ಬಾಕ್ಸ್ ಒಳಗೆ ಗೇರ್ ಆಯಿಲ್ ಇರಬೇಕು. ಸೋರುತ್ತದೆ ಎಂದು ಕೆಲವರು ಗಟ್ಟಿ ಗ್ರೀಸ್ ತುಂಬುತ್ತಾರೆ. ಅದು ಒಂದು ಪಕ್ಕಕ್ಕೆ ಸರಿದು ನಿಂತು, ವರ್ಮ್ ಒಣಗುತ್ತದೆ. ಸೀಲ್ ಬದಲಿಸುವುದೇ ಸರಿ.

ಮಳೆಗಾಲದಲ್ಲಿ ಬಾಲ್ ಜಾಯಿಂಟಿನ ರಬ್ಬರ್ ಟೋಪಿಗಳನ್ನು ತಿಂಗಳಿಗೊಮ್ಮೆ ನೋಡಿ. ಹರಿದ ಟೋಪಿಯೊಳಗೆ ಕೆಂಪು ಮಣ್ಣಿನ ನೀರು ಹೋದರೆ ಹೊಸ ಜಾಯಿಂಟ್ ಒಂದೇ ಮಳೆಗಾಲದಲ್ಲಿ ಮುಗಿಯುತ್ತದೆ. ತೋಟದ ದಾರಿಯಲ್ಲಿ ಹೋಗಿ ಬಂದ ದಿನ ಕೆಳಗೆ ನೀರು ಹೊಡೆದು ಮಣ್ಣು ತೆಗೆಯಿರಿ. ಒತ್ತಡದ ನೀರನ್ನು ನೇರ ಟೋಪಿಗೆ ಹಿಡಿಯಬೇಡಿ.

ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಹೊಸ ಟೇಪರ್‌ಗಳು ಇನ್ನೊಂಚೂರು ಒಳಗೆ ಕೂರುತ್ತವೆ. ಆಗ ಆರೂ ಸ್ಪ್ಲಿಟ್ ಪಿನ್ ತೆಗೆದು, ನಟ್ ಮತ್ತೆ ಬಿಗಿ ಮಾಡಿ, ಹೊಸ ಪಿನ್ ಹಾಕಿ. ನಮ್ಮದರಲ್ಲಿ ಎರಡು ನಟ್ ಒಂದೊಂದು ರಂಧ್ರದಷ್ಟು ಮುಂದೆ ಹೋದವು. ಟೇಪ್ ಮತ್ತು ಸ್ಕೇಲ್ ಇಟ್ಟು ಪ್ಲೇ ಇನ್ನೊಮ್ಮೆ ಅಳೆದು, ಮೊದಲ ದಿನದ ಕಾಗದದಲ್ಲೇ ಕೆಳಗೆ ಬರೆದಿಟ್ಟಿದ್ದೇವೆ.